ಆರಿಸಬಾರದ ಬೆಂಕಿ

ನಮ್ಮ ರಾಯಚೂರು ಸೀಮೆಗೆ ಬೆಂಕಿ ಹೊಸದಲ್ಲ. ಬಡಗಣಕ್ಕೆ ಕೃಷ್ಣೆ, ತೆಂಕಣಕ್ಕೆ ತುಂಗಭದ್ರೆ ಹರಿದರೂ ಶಿವರಾತ್ರಿ ಕಳೆಯುತ್ತಲೇ ನಡುವಿನ ನೆಲವೆಲ್ಲ ಒಣಗಿ ಬಿರುಕು ಬಿಡುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿಗೆ ಒಂದು ಬೀಡಿ ತುಂಡು ಸಾಕು, ಬಣವಿ ಹೋಗುತ್ತದೆ. ನಾನು ಅಗ್ನಿಶಾಮಕ ದಳಕ್ಕೆ ಸೇರಿದ ಹೊಸತರಲ್ಲಿ ಠಾಣೆಗೆ ಬರುತ್ತಿದ್ದ ಕರೆಗಳು ಬಹುಪಾಲು ಮೂರೇ ಬಗೆಯವು: ಬಣವಿ, ಗುಡಿಸಲು, ಹತ್ತಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಮಾನ್ವಿ ಕಡೆ ಭತ್ತದ ಹುಲ್ಲಿನ ಬಣವಿಗಳು ಎದ್ದವು. ದೇವದುರ್ಗದ ಕಡೆ ಜೋಳದ ಸೊಪ್ಪೆಯ ಬಣವಿಗಳು ಮೊದಲಿನಿಂದಲೂ ಇದ್ದವು. ರಾಯಚೂರಿನ ಜಿನ್ನಿಂಗ್ ಮಿಲ್ಲುಗಳಲ್ಲಿ ಹತ್ತಿಯ ಅಂಡಿಗೆಗೆ ಹೊತ್ತಿದ ಕಿಡಿ ಹೊರಗೆ ಆರಿದಂತೆ ಕಂಡರೂ ಒಳಗೆ ಎರಡು ಮೂರು ದಿನ ಕೂತಿರುತ್ತಿತ್ತು. ಅಂಡಿಗೆ ಒಡೆದು, ಹರಡಿ, ನೆನೆಸಿ, ಮತ್ತೆ ಹರಡಿ ನೋಡಬೇಕಿತ್ತು.

ಈ ಮೂರಕ್ಕೂ ಉತ್ತರ ಒಂದೇ. ನೀರು. ಅದನ್ನು ಜನಕ್ಕೆ ನಾವು ಕಲಿಸಬೇಕಾಗಿರಲಿಲ್ಲ. ನಮ್ಮ ಗಾಡಿ ಮುಟ್ಟುವ ಹೊತ್ತಿಗೆ ಬಾವಿಯಿಂದ ಬಣವಿವರೆಗೆ ಸಾಲು ನಿಂತಿರುತ್ತಿತ್ತು. ಕೊಡ, ಬಕೆಟ್ಟು, ಹಳೆ ಎಣ್ಣೆ ಡಬ್ಬಿ ಕೈಯಿಂದ ಕೈಗೆ ಬರುತ್ತಿದ್ದವು. ಗಂಡಸರು ಬೇವಿನ ತಪ್ಪಲು ಮುರಿದು ಉರಿ ಬಡಿಯುತ್ತಿದ್ದರು. ವಯಸ್ಸಾದವರೊಬ್ಬರು ಗಾಳಿ ಯಾವ ಕಡೆಯದೆಂದು ನೋಡಿ, ಹತ್ತದಿರುವ ಪಕ್ಕದ ಬಣವಿಯನ್ನು ಮೊದಲು ನೆನೆಸಲು ಹೇಳುತ್ತಿದ್ದರು. ತರಬೇತಿಯಲ್ಲಿ ನಮಗೆ ಹೇಳಿಕೊಟ್ಟಿದ್ದೂ ಅದನ್ನೇ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಲ್ಲಿ ಆರ್.ಎ. ಮುಂಡ್ಕೂರ್ ಅವರ ಹೆಸರು ಹೊತ್ತ ಅಗ್ನಿಶಾಮಕ ಅಕಾಡೆಮಿ ಇದೆ. ಅಲ್ಲಿ ಕಲಿಯುವ ಪಾಠದಲ್ಲಿ ಅರ್ಧದಷ್ಟನ್ನು ನಮ್ಮ ಮಾನ್ವಿ ತಾಲ್ಲೂಕಿನ ಹಿರಿಯರು ಪುಸ್ತಕವಿಲ್ಲದೆ ಬಲ್ಲವರಾಗಿದ್ದರು. ಇದನ್ನು ನಾನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಆದರೆ ಗ್ಯಾಸ್ ಬಂದು ಆ ತಿಳಿವಳಿಕೆಯನ್ನೆಲ್ಲ ತಿರುವುಮುರುವು ಮಾಡಿತು. ತಲೆಮಾರುಗಳಿಂದ ಕೈಗೆ ಬಂದ ಅಭ್ಯಾಸವೇ ಅಪಾಯವಾಗಬಹುದಾದ ಒಂದು ಬೆಂಕಿ ನಮ್ಮ ಜಿಲ್ಲೆಗೆ ಹೇಗೆ ಬಂತು, ಅದನ್ನು ಎದುರಿಸುವ ವಿದ್ಯೆ ಎಲ್ಲಿಂದ ಎಲ್ಲಿಗೆ ನಡೆದುಬಂತು ಎಂಬುದನ್ನು ಕಂಡಷ್ಟು, ಓದಿದಷ್ಟು ಬರೆದಿಡಬೇಕು ಎನಿಸಿದೆ.

ನೀರಿಗೆ ಬಗ್ಗದ ಮೊದಲ ಬೆಂಕಿ ಬಂದದ್ದು ರೈಲಿನಲ್ಲಿ. 1871ರಲ್ಲಿ ಮುಂಬೈ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸ್ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯೂ ರಾಯಚೂರಿನಲ್ಲಿ ಕೂಡಿಕೊಂಡವು. ಆಗ ಇದು ನಿಜಾಮರ ರಾಜ್ಯ. ಆ ಹಳಿಗಳ ಮೇಲೆ ಮುಂದಿನ ದಶಕಗಳಲ್ಲಿ ಸೀಮೆಎಣ್ಣೆ ಬಂತು, ನಾಲ್ಕು ಗ್ಯಾಲನ್ನಿನ ತಗಡಿನ ಡಬ್ಬಿಗಳಲ್ಲಿ. ನಮ್ಮ ಕಡೆ ಇಂದಿಗೂ ಅದು ಚಿಮಣಿ ಎಣ್ಣಿ. ಕಂದೀಲು, ಚಿಮಣಿ, ಮದುವೆ ಮೆರವಣಿಗೆಯಲ್ಲಿ ತಲೆ ಮೇಲೆ ಹೊತ್ತ ಗ್ಯಾಸ್ ಬತ್ತಿ, ಕಡೆಗೆ ಪಂಪ್ ಸ್ಟೋವ್, ಎಲ್ಲಕ್ಕೂ ಅದೇ ಎಣ್ಣೆ. ಚೆಲ್ಲಿದ ಎಣ್ಣೆಗೆ ಹೊತ್ತಿದರೆ ನೀರು ಹಾಕಬಾರದು, ಎಣ್ಣೆ ತೇಲಿ ಉರಿ ಹರಡುತ್ತದೆ, ಮಣ್ಣು ಹಾಕಬೇಕು ಎಂಬುದನ್ನು ಜನ ಬೇಗ ಕಲಿತರು. ಮನೆ ಮುಂದೆಯೇ ಮಣ್ಣಿತ್ತು, ಹಾಗಾಗಿ ಪಾಠ ಕಷ್ಟವಾಗಲಿಲ್ಲ.

ಆಮೇಲೆ ಕಾರ್ಬೈಡ್. ಬೂದು ಬಣ್ಣದ ಈ ಕಲ್ಲಿಗೆ ನೀರು ತಾಗಿದರೆ ಅಸಿಟಿಲಿನ್ ಅನಿಲ ಏಳುತ್ತದೆ. ಬಂಡಿ ಅಚ್ಚು, ನೇಗಿಲು, ಟ್ರ್ಯಾಕ್ಟರ್ ಟ್ರೇಲರು, ಪಂಪ್‌ಸೆಟ್ ಪೈಪು ಬೆಸೆಯುವ ಗ್ಯಾಸ್ ವೆಲ್ಡಿಂಗ್ ಅಂಗಡಿಗಳಲ್ಲಿ ಡ್ರಮ್ಮಿನೊಳಗೆ ಇದನ್ನು ನೆನೆಸಿ ಅನಿಲ ಮಾಡಿಕೊಳ್ಳುತ್ತಿದ್ದರು. ಇದರ ಅಪಾಯ ಬ್ರಿಟಿಷ್ ಸರ್ಕಾರಕ್ಕೂ ಗೊತ್ತಿತ್ತು, 1937ರಲ್ಲೇ ಕಾರ್ಬೈಡ್‌ಗೆಂದು ಬೇರೆ ನಿಯಮಾವಳಿ ಬಂತು. ಗಾಳಿಯಲ್ಲಿ ನೂರಕ್ಕೆ ಎರಡೂವರೆ ಪಾಲು ಅಸಿಟಿಲಿನ್ ಸೇರಿದರೆ ಕಿಡಿಗೆ ಹೊತ್ತಿಕೊಳ್ಳುತ್ತದೆ, ಎಂಬತ್ತು ಪಾಲಾದರೂ ಹೊತ್ತಿಕೊಳ್ಳುತ್ತದೆ. ಕಾರ್ಬೈಡ್ ಡ್ರಮ್ಮಿಟ್ಟ ಅಂಗಡಿಗೆ ಬೆಂಕಿ ಬಿದ್ದಾಗ ನೆರೆಯವರು ಪ್ರೀತಿಯಿಂದ ತಂದು ಸುರಿಯುವ ಒಂದು ಕೊಡ ನೀರು ಏನು ಮಾಡುತ್ತದೆಂದು ಯೋಚಿಸಿ. ಆರಿಸಲು ಬಂದವನ ಕೈಯಲ್ಲಿರುವುದೇ ಉರುವಲಾಗುವ ಮೊದಲ ಉದಾಹರಣೆ ನಮ್ಮಲ್ಲಿ ಇದೇ. ಒಣ ಮರಳು, ಒಣ ಪುಡಿ, ಬಾಗಿಲಲ್ಲಿ ನಿಂತು ನೀರು ತರುವವರನ್ನು ತಡೆಯುವ ಒಬ್ಬ ಗಟ್ಟಿ ಆಳು, ಇಷ್ಟು ಅಲ್ಲಿ ಬೇಕು. ಆ ಆಳಿನ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು.

ಜಾತ್ರೆಗಳಲ್ಲಿ ಬಲೂನು ಮಾರುವವರ ಸಿಲಿಂಡರನ್ನೂ ಇಲ್ಲಿ ನೆನೆಯಬೇಕು. ಕಾಸ್ಟಿಕ್ ಸೋಡಾ, ಅಲ್ಯುಮಿನಿಯಂ ಚೂರು ಹಾಕಿ ಹಳೆಯ ಸಿಲಿಂಡರಿನೊಳಗೇ ಹೈಡ್ರೋಜನ್ ಮಾಡಿಕೊಳ್ಳುವ ಆ ಪದ್ಧತಿ ಮಕ್ಕಳ ಮುಖದ ಮುಂದೆ ಬಾಂಬು ಇಟ್ಟಂತೆಯೇ ಸರಿ. ದೇವಸೂಗೂರಿನ ಸೂಗೂರೇಶ್ವರ ಜಾತ್ರೆಯಿರಲಿ, ಯಾವ ಊರಿನ ಉರುಸೇ ಇರಲಿ, ಬಂದೋಬಸ್ತಿಗೆ ಹೋದಾಗ ನಾನು ಮೊದಲು ಹುಡುಕುತ್ತಿದ್ದುದು ಆ ಸಿಲಿಂಡರನ್ನು.

ಅದೇ ಹೈಡ್ರೋಜನ್ನನ್ನು ಶಿಸ್ತಿನಿಂದ ಆಳುವುದನ್ನು ನಾವು ಕಂಡದ್ದು ಶಕ್ತಿನಗರದಲ್ಲಿ. ಕೃಷ್ಣೆಯ ದಂಡೆಯ ರಾಯಚೂರು ಶಾಖೋತ್ಪನ್ನ ವಿದ್ಯುತ್ ಸ್ಥಾವರ ಕರ್ನಾಟಕದ ಮೊದಲ ಉಷ್ಣ ವಿದ್ಯುತ್ ಸ್ಥಾವರ. ಅದರ ಮೊದಲ ಘಟಕ 1985ರಲ್ಲಿ ಶುರುವಾಯಿತು. ಕಲ್ಲಿದ್ದಲು, ಬೂದಿ, ಚಿಮಣಿ ಎಲ್ಲರಿಗೂ ಕಾಣುತ್ತವೆ. 210 ಮೆಗಾವ್ಯಾಟ್ ಜನರೇಟರಿನ ಹೊಟ್ಟೆಯಲ್ಲಿ ಹೈಡ್ರೋಜನ್ ಸುತ್ತುತ್ತಿರುತ್ತದೆ ಎಂಬುದು ಹೊರಗಿನವರಿಗೆ ಗೊತ್ತಿರಲಿಲ್ಲ. ಗಾಳಿಗಿಂತ ಹಗುರವಾದ್ದರಿಂದ ತಿರುಗುವ ರೋಟರಿಗೆ ಅಡ್ಡಿ ಕಡಿಮೆ, ಶಾಖ ಹೊರಹಾಕುವ ಗುಣ ಹೆಚ್ಚು. ಅದಕ್ಕಾಗಿ ಈ ಏರ್ಪಾಟು. ಆದರೆ ಗಾಳಿಯಲ್ಲಿ ನೂರಕ್ಕೆ ನಾಲ್ಕರಿಂದ ಎಪ್ಪತ್ತೈದು ಪಾಲಿನವರೆಗೆ ಎಷ್ಟೇ ಬೆರೆತರೂ ಅದು ಸಿಡಿಯುವ ಅನಿಲ. ಹಾಗಾಗಿ ಯಂತ್ರಕ್ಕೆ ಹೈಡ್ರೋಜನ್ ತುಂಬುವ ಮುನ್ನ ಒಳಗಿನ ಗಾಳಿಯನ್ನು ಇಂಗಾಲದ ಡೈಆಕ್ಸೈಡಿನಿಂದ ಹೊರದೂಡುತ್ತಾರೆ. ರಿಪೇರಿಗೆ ತೆರೆಯುವಾಗಲೂ ಹೈಡ್ರೋಜನ್ ತೆಗೆದು, ನಡುವೆ ಇಂಗಾಲದ ಡೈಆಕ್ಸೈಡನ್ನೇ ತುಂಬಿ, ಕಡೆಗೆ ಗಾಳಿ ಬಿಡುತ್ತಾರೆ. ಗಾಳಿಯೂ ಹೈಡ್ರೋಜನ್ನೂ ಒಂದನ್ನೊಂದು ಮುಟ್ಟದಂತೆ ನೋಡಿಕೊಳ್ಳುವ ಕಟ್ಟುನಿಟ್ಟು ಅದು.

ಹೈಡ್ರೋಜನ್ ಉರಿ ಹಗಲಿನಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ ಎನ್ನಬಹುದು. ಉದ್ದ ಹಿಡಿಯ ಕಸಬರಿಗೆಯನ್ನು ಮುಂದೆ ಚಾಚಿಕೊಂಡು ನಡೆ, ಅದರ ತುದಿ ಹೊತ್ತಿಕೊಂಡರೆ ಎದುರಿಗೆ ಉರಿ ಇದೆ ಎಂದು ತಿಳಿ ಎಂದು ನಮಗೆ ಹೇಳಿಕೊಡುತ್ತಿದ್ದರು. ಬಣವಿಯ ಹೊಗೆಯನ್ನು ಮೂರು ಹರಿದಾರಿಯಿಂದ ಗುರುತಿಸುತ್ತಿದ್ದ ನಮಗೆ, ಹೊಗೆಯೂ ಇಲ್ಲದ ಉರಿಯೂ ಕಾಣದ ಬೆಂಕಿ ಇದೆ ಎಂದು ನಂಬುವುದಕ್ಕೇ ಸಮಯ ಬೇಕಾಯಿತು. ಶಕ್ತಿನಗರದ ಒಳಗೆ ಆ ವಿದ್ಯೆ ಇತ್ತು. ಬೇಲಿಯ ಹೊರಗೆ, ಹತ್ತಾರು ಕಿಲೋಮೀಟರ್ ದೂರದ ರಾಯಚೂರಿನ ಓಣಿಗಳಲ್ಲಿ ಅಷ್ಟರಲ್ಲಾಗಲೇ ಬೇರೊಂದು ಅನಿಲ ಮನೆಮನೆ ಹೊಗುತ್ತಿತ್ತು, ವಿದ್ಯೆಯನ್ನು ಜೊತೆಗೆ ತರದೆ.

ನಮ್ಮ ದೇಶದಲ್ಲಿ ಅಡುಗೆ ಅನಿಲವನ್ನು 1950ರ ದಶಕದಲ್ಲಿ ಮುಂಬೈಯಲ್ಲಿ ಮೊದಲು ಮಾರಿದ್ದು ಬರ್ಮಾ ಷೆಲ್ ಕಂಪನಿ. 1965ರಲ್ಲಿ ಕೋಲ್ಕತ್ತದಲ್ಲಿ ಇಂಡೇನ್ ಶುರುವಾಯಿತು. ನಮ್ಮ ಕಡೆಗೆ ಬಂದು, ನೌಕರಿದಾರರ ಮನೆಗಳನ್ನು ದಾಟಿ ವ್ಯಾಪಾರಸ್ಥರ ಮನೆ ಹೊಕ್ಕು, ಸಾಮಾನ್ಯರ ಅಡುಗೆಮನೆ ಮುಟ್ಟಲು ಬಹಳ ವರ್ಷ ಹಿಡಿಯಿತು. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಸಂಸದರ ಕೋಟಾದ ಚೀಟಿಗಾಗಿ ಓಡಾಡಿದವರನ್ನು ಕಂಡಿದ್ದೇನೆ. ಕಡೆಗೂ ಸಿಲಿಂಡರ್ ಮನೆಗೆ ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದರು. ಹೊಗೆಯಿಂದ ಕಣ್ಣು ಕಳೆದುಕೊಂಡ ಅತ್ತೆ, ಕೆಮ್ಮಿನಿಂದ ನರಳಿದ ತಾಯಿಯನ್ನು ನೋಡಿದ ಹೆಣ್ಣುಮಕ್ಕಳಿಗೆ ಅದು ನಿಜವಾಗಿಯೂ ಪೂಜೆಗೆ ಯೋಗ್ಯವಾದ ವಸ್ತು. ನಾನು ಗ್ಯಾಸಿನ ಅಪಾಯವನ್ನು ಬರೆಯುವಾಗ ಒಲೆಯ ಹೊಗೆಯನ್ನು ಮರೆತು ಬರೆಯಲಾರೆ.

ಆ ಕೆಂಪು ಸಿಲಿಂಡರಿನಲ್ಲಿ 14.2 ಕೆ.ಜಿ. ಪ್ರೊಪೇನ್, ಬ್ಯೂಟೇನ್ ಮಿಶ್ರಣ ಒತ್ತಡದಲ್ಲಿ ದ್ರವವಾಗಿ ಕೂತಿರುತ್ತದೆ. ಹೊರಬಂದರೆ ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಅನಿಲವಾಗುತ್ತದೆ. ಅದಕ್ಕೆ ಸ್ವಂತ ವಾಸನೆ ಇಲ್ಲ. ಮೂಗಿಗೆ ತಿಳಿಯಲೆಂದು ಈಥೈಲ್ ಮರ್ಕಾಪ್ಟನ್ ಎಂಬ ದುರ್ನಾತದ ವಸ್ತುವನ್ನು ಬೆರೆಸಿರುತ್ತಾರೆ. ಗಾಳಿಯಲ್ಲಿ ನೂರಕ್ಕೆ ಸುಮಾರು ಎರಡರಿಂದ ಒಂಬತ್ತು ಪಾಲು ಬೆರೆತಾಗ ಕಿಡಿ ಬಿದ್ದರೆ ಸಿಡಿಯುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆಯನ್ನು ಆ ಹಂತಕ್ಕೆ ತರಲು ಒಂದೂಕಾಲು ಕೆ.ಜಿ.ಯಷ್ಟು ಗ್ಯಾಸ್ ಸಾಕು. ಸಿಲಿಂಡರಿನ ಹತ್ತನೆಯ ಒಂದು ಪಾಲೂ ಬೇಡ. ಅದೂ ಕೋಣೆ ತುಂಬ ಸಮನಾಗಿ ಹರಡಿದರೆ ಈ ಲೆಕ್ಕ. ನಿಜದಲ್ಲಿ ಅದು ಗಾಳಿಗಿಂತ ಭಾರ, ಕೆಳಗೇ ಕೂಡುತ್ತದೆ. ಹಾಗಾಗಿ ನೆಲದ ಮಟ್ಟದಲ್ಲಿ ಇನ್ನೂ ಬೇಗ ಅಪಾಯದ ಗೆರೆ ಮುಟ್ಟುತ್ತದೆ.

ಈ ಅಂಕಿಗಳು ನನಗೆ ತರಬೇತಿಯಲ್ಲಿ ಬಾಯಿಪಾಠವಾಗಿದ್ದವು. ಅರ್ಥವಾದದ್ದು ರಾಯಚೂರಿನ ಒಂದು ಓಣಿಯಲ್ಲಿ. ಮನೆಯವರೆಲ್ಲ ಹೊರಗೆ ಓಡಿಬಂದಿದ್ದರು. ಅಡುಗೆಮನೆಯಲ್ಲಿ ಸಿಲಿಂಡರ್ ನೆಟ್ಟಗೆ ನಿಂತಿತ್ತು. ರೆಗ್ಯುಲೇಟರ್ ಬಳಿಯಿಂದ ಮೊಳದುದ್ದದ ಉರಿ ಭುಸುಗುಡುತ್ತ ಗೋಡೆಯ ಕಡೆ ಚಾಚಿತ್ತು. ನಾವು ಹೋಸ್ ಎಳೆದು ಬಾಗಿಲಿಗೆ ಬಂದೆವು. ಓಣಿಯ ಜನವೆಲ್ಲ "ಹೊಡೀರಿ, ನೀರ್ ಹೊಡೀರಿ ಸಾಹೇಬ್ರ" ಎಂದು ಕೂಗುತ್ತಿತ್ತು. ನಮ್ಮ ಹಿರಿಯ ಅಧಿಕಾರಿ ಹೋಸಿನ ತುದಿಯ ಬ್ರ್ಯಾಂಚ್ ಹಿಡಿದವನ ಭುಜದ ಮೇಲೆ ಕೈಯಿಟ್ಟು ಹೇಳಿದರು: "ಉರಿ ಇರ್ಲಿ. ಮೊದಲ ಸಿಲಿಂಡರ್ ತಣ್ಣಗಾಗ್ಲಿ." ನೀರನ್ನು ಧಾರೆಯಾಗಿ ಅಲ್ಲ, ತುಂತುರಾಗಿ ಮಾಡಿಕೊಂಡು ಸಿಲಿಂಡರಿನ ಮೈಗೆ, ಸುತ್ತಲಿನ ಕಟ್ಟಿಗೆಯ ಕಪಾಟಿಗೆ, ಗೋಡೆಗೆ ಹೊಡೆಯುತ್ತ ನಿಂತೆವು. ಉರಿಯನ್ನು ಮುಟ್ಟಲಿಲ್ಲ. ಹೊರಗೆ ಜನ ರೊಚ್ಚಿಗೆದ್ದರು. ಗಾಡಿ ತಂದು, ನೀರಿಟ್ಟುಕೊಂಡು ಬೆಂಕಿ ಆರಿಸದೆ ನಿಂತವರನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ತಣ್ಣಗಾದ ಮೇಲೆ ಒಬ್ಬರು ನೆನೆದ ಗೋಣಿಚೀಲ ಹೊದ್ದು, ನೀರಿನ ತುಂತುರಿನ ಮರೆಯಲ್ಲಿ ಬಗ್ಗಿ ಹೋಗಿ ರೆಗ್ಯುಲೇಟರ್ ಗುಬ್ಬಿ ತಿರುಗಿಸಿ ಮುಚ್ಚಿದರು. ಉರಿ ತಾನಾಗಿ ಆರಿತು.

ಗ್ಯಾಸ್ ಬೆಂಕಿಯ ಶಾಸ್ತ್ರವೆಲ್ಲ ಇಷ್ಟೇ. ಉರಿಯುತ್ತಿರುವ ಗ್ಯಾಸ್ ಎಲ್ಲಿದೆಯೆಂದು ಕಣ್ಣಿಗೆ ಕಾಣುತ್ತದೆ, ಹೊರಬಂದಷ್ಟೂ ಅಲ್ಲೇ ಸುಟ್ಟುಹೋಗುತ್ತದೆ. ಸೋರಿಕೆ ನಿಲ್ಲಿಸಲು ದಾರಿಯಿಲ್ಲದೆ ಉರಿಯನ್ನಷ್ಟೇ ಆರಿಸಿದರೆ ಅದೇ ಗ್ಯಾಸ್ ಕಾಣದಂತೆ ಕೋಣೆ ತುಂಬಿ, ಪಕ್ಕದ ಮನೆಯ ಒಲೆಯನ್ನೋ ಬೀದಿಯ ಬೀಡಿಯನ್ನೋ ಹುಡುಕಿಕೊಂಡು ಹೋಗುತ್ತದೆ. ಮುಚ್ಚಲಾಗದಿದ್ದರೆ ಉರಿಯಲು ಬಿಡಬೇಕು, ಪಾತ್ರೆಯನ್ನು ತಣ್ಣಗಿಡಬೇಕು. ಗ್ಯಾಸ್ ಬೆಂಕಿಯಲ್ಲಿ ನೀರಿನ ಕೆಲಸ ತಂಪು ಮಾಡುವುದು, ಸೋರಿದ ಅನಿಲವನ್ನು ತುಂತುರಿನಿಂದ ಚದುರಿಸುವುದು. ಸಿಲಿಂಡರನ್ನು ಎಂದೂ ಉರುಳಿಸಬಾರದು. ನೆಟ್ಟಗಿದ್ದರೆ ಮೇಲಿನ ಅನಿಲ ಸೋರುತ್ತದೆ, ಮಲಗಿಸಿದರೆ ದ್ರವವೇ ಸೋರಿ ಇನ್ನೂರೈವತ್ತು ಪಟ್ಟು ಹಿಗ್ಗುತ್ತದೆ. ಬಣವಿಯ ಮುಂದೆ ಸುಮ್ಮನೆ ನಿಂತವನು ಹೇಡಿ. ಗ್ಯಾಸಿನ ಮುಂದೆ ಕೆಲವೊಮ್ಮೆ ನಿಲ್ಲುವುದೇ ಎದೆಗಾರಿಕೆ.

ಈ ಶಾಸ್ತ್ರ ಬಹಳ ಜೀವ ತೆತ್ತು ಬರೆದದ್ದು. 1966ರ ಜನವರಿ 4ರಂದು ಫ್ರಾನ್ಸಿನ ಫೇಝಾ ಎಂಬಲ್ಲಿನ ತೈಲ ಶುದ್ಧೀಕರಣ ಘಟಕದಲ್ಲಿ ಪ್ರೊಪೇನ್ ಗೋಳದ ಕೆಳಗಿನ ವಾಲ್ವ್ ಹೆಪ್ಪುಗಟ್ಟಿ ಮುಚ್ಚಲು ಬಾರದಾಯಿತು. ಸೋರಿದ ಅನಿಲ ಪಕ್ಕದ ರಸ್ತೆಯ ವಾಹನದ ಬಳಿ ಹೊತ್ತಿಕೊಂಡು ಗೋಳಕ್ಕೆ ಮರಳಿತು. ನೀರನ್ನು ಬಹುಮಟ್ಟಿಗೆ ಅಕ್ಕಪಕ್ಕದ ಗೋಳಗಳಿಗೆ ಹೊಡೆದರು. ಉರಿಯುವ ಗೋಳದ ಮೇಲ್ಭಾಗದಲ್ಲಿ ದ್ರವವಿಲ್ಲದೆಡೆ ಲೋಹ ಮೆತ್ತಗಾಗಿ ಒಡೆಯಿತು. ಸತ್ತ 18 ಜನರಲ್ಲಿ ಅಗ್ನಿಶಾಮಕರೂ ಇದ್ದರು. ಒಳಗೆ ದ್ರವವಿರುವಷ್ಟು ಎತ್ತರಕ್ಕೆ ಲೋಹ ತಡೆಯುತ್ತದೆ, ಅದರ ಮೇಲಿನ ಭಾಗವೇ ಮೊದಲು ಸೋಲುತ್ತದೆ, ನೀರು ಅಲ್ಲಿಗೆ ಹೊಡೆಯಬೇಕು ಎಂದು ನಾವು ಬಾಯಿಪಾಠ ಮಾಡಿದ ಸಾಲಿನ ಹಿಂದೆ ಅವರಿದ್ದಾರೆ. 1984ರ ನವೆಂಬರ್ 19ರಂದು ಮೆಕ್ಸಿಕೊ ನಗರದ ಅಂಚಿನಲ್ಲಿ ಗ್ಯಾಸ್ ಸಂಗ್ರಹಾಗಾರ ಸಿಡಿದು ಸುಮಾರು 500 ಜನ ಸತ್ತರು. ಅದಾಗಿ ಎರಡು ವಾರಕ್ಕೆ ಭೋಪಾಲಿನ ವಿಷಾನಿಲ ದುರಂತ. ಭೋಪಾಲಿನ ನಂತರ ನಮ್ಮಲ್ಲಿ ಕಾನೂನುಗಳು ಒಂದರ ಹಿಂದೆ ಒಂದು ಬಂದವು: 1986ರ ಪರಿಸರ ಸಂರಕ್ಷಣಾ ಕಾಯ್ದೆ, 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು, 1996ರ ರಾಸಾಯನಿಕ ಅಪಘಾತ ನಿಯಮಗಳು. ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಸಭೆ, ವರ್ಷಕ್ಕೊಂದು ಅಣಕು ಪ್ರದರ್ಶನ ಇವೆಲ್ಲ ಅಲ್ಲಿಂದ ಶುರುವಾದದ್ದು.

ರಸ್ತೆಯ ಮೇಲಿನ ಟ್ಯಾಂಕರಿನ ಮಾತೇ ಬೇರೆ. ಒಂದು ಬುಲೆಟ್ ಟ್ಯಾಂಕರಿನಲ್ಲಿ 17, 18 ಟನ್ ಗ್ಯಾಸ್ ಇರುತ್ತದೆ, ಸಾವಿರದ ಇನ್ನೂರು ಮನೆ ಸಿಲಿಂಡರುಗಳಷ್ಟು. 2012ರ ಆಗಸ್ಟ್ 27ರ ರಾತ್ರಿ ಕೇರಳದ ಕಣ್ಣೂರಿನ ಚಾಲಾದಲ್ಲಿ ಟ್ಯಾಂಕರ್ ಡಿವೈಡರಿಗೆ ಬಡಿದು ಉರುಳಿ 20 ಜನ ಸತ್ತರು. 2013ರ ಏಪ್ರಿಲ್ 9ರಂದು ನಮ್ಮದೇ ರಾಜ್ಯದಲ್ಲಿ, ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ, ಮಂಗಳೂರು ಬೆಂಗಳೂರು ಹೆದ್ದಾರಿಯ ಮೇಲೆ ಟ್ಯಾಂಕರ್ ಮಗುಚಿ ರಸ್ತೆಬದಿಯ ಮನೆಗಳ ಜನ ಮನೆಯಲ್ಲೇ ಸುಟ್ಟುಹೋದರು. ಆ ಸುದ್ದಿ ಓದಿದ ದಿನ ನನ್ನ ಮನಸ್ಸು ಹೋದದ್ದು ನಮ್ಮ ದೇವಸೂಗೂರಿನ ಬಳಿಯ ಹಳೆಯ ನಿಜಾಮರ ಸೇತುವೆಗೆ. ತೆಲಂಗಾಣದ ಕಡೆ ಹೋಗುವ ಬರುವ ಲಾರಿಗಳೆಲ್ಲ ಆಗ ಹಾಯುತ್ತಿದ್ದ ಇಕ್ಕಟ್ಟಿನ ದಾರಿ ಅದು, ಕೆಳಗೆ ಹೊಳೆ, ಪಕ್ಕಕ್ಕೆ ವಿದ್ಯುತ್ ಸ್ಥಾವರ. ಟ್ಯಾಂಕರಿನ ಮೈಮೇಲೆ ಒಂದು ಫಲಕ ಇರುತ್ತದೆ, ಅದರಲ್ಲಿ 1075 ಎಂಬ ಅಂಕಿ. ಪ್ರಪಂಚದ ಯಾವ ಮೂಲೆಯಲ್ಲಿ ಓದಿದರೂ ಅದು ಒತ್ತಡದಲ್ಲಿಟ್ಟ ಪೆಟ್ರೋಲಿಯಂ ಅನಿಲ. ದಾಬಾದವರಿಗೆ, ಪಂಕ್ಚರ್ ಅಂಗಡಿಯವರಿಗೆ ಆ ಅಂಕಿಯನ್ನು ಹೇಳಿಕೊಡುವುದನ್ನು ನಾನು ಅಂದಿನಿಂದ ಕೆಲಸವಾಗಿ ಮಾಡಿಕೊಂಡೆ. 1075 ಕಂಡರೆ ಫೋಟೋ ತೆಗೆಯಲು ಹತ್ತಿರ ಹೋಗಬೇಡಿ, ಬೈಕ್ ಸ್ಟಾರ್ಟ್ ಮಾಡಬೇಡಿ, ಒಲೆ ಆರಿಸಿ, ಗಾಳಿ ಬರುವ ದಿಕ್ಕಿಗೆ ನಡೆಯಿರಿ, ತಗ್ಗಿಗೆ ಇಳಿಯಬೇಡಿ. ಇಷ್ಟನ್ನು ಒಬ್ಬ ಪಂಕ್ಚರ್ ಅಂಗಡಿಯವನು ಬಲ್ಲವನಾದರೆ ನಮ್ಮ ಗಾಡಿಗೆ ಮುನ್ನವೇ ಅರ್ಧ ಕೆಲಸ ಆದಂತೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆಮೇಲೆ ಬಂತು. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಬಡವರ ಮನೆಗೆ ಅಡುಗೆ ಅನಿಲ ಕೊಡುವ ಉಜ್ವಲಾ ಯೋಜನೆ ಶುರುವಾಗಿ, ಕೆಲವೇ ವರ್ಷಗಳಲ್ಲಿ ದೇವದುರ್ಗ ತಾಲ್ಲೂಕಿನ ದೊಡ್ಡಿ ತಾಂಡಾಗಳವರೆಗೂ ಸಿಲಿಂಡರ್ ಮುಟ್ಟಿತು. ಪಟ್ಟಣದಲ್ಲಿ ಮೂವತ್ತು ವರ್ಷದಲ್ಲಿ ನಿಧಾನವಾಗಿ, ಒಂದು ಮನೆ ನೋಡಿ ಮತ್ತೊಂದು ಮನೆ ಕಲಿತದ್ದನ್ನು ಹಳ್ಳಿ ಮೂರು ವರ್ಷದಲ್ಲಿ ಕಲಿಯಬೇಕಾಯಿತು. ಅಲ್ಲಿನ ಮನೆಗಳನ್ನು ನೋಡಿ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಬಿಸಿಲು ಒಳಬರಬಾರದೆಂದು ಕಿಟಕಿಯಿಲ್ಲದ ಕತ್ತಲೆ ಅಡುಗೆಮನೆ, ಹೊಗೆ ಹೋಗಲು ಮಾಳಿಗೆಯಲ್ಲೊಂದು ಬೆಳಕಿಂಡಿ. ಏರುವ ಹೊಗೆಗೆ ನಮ್ಮ ಹಿರಿಯರು ಮಾಡಿದ ಏರ್ಪಾಟು ಅದು, ಸೌದೆ ಒಲೆಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಗ್ಯಾಸ್ ಏರುವುದಿಲ್ಲ. ಚೆಲ್ಲಿದ ನೀರಿನಂತೆ ನೆಲ ಹಿಡಿದು ಹರಿದು, ಎತ್ತರದ ಹೊಸ್ತಿಲಿಗೆ ತಡೆದು ಒಳಗೇ ನಿಲ್ಲುತ್ತದೆ. ಹಾವು ಚೇಳು ಬರದಿರಲೆಂದು ಕಟ್ಟಿದ ಹೊಸ್ತಿಲು ಗ್ಯಾಸಿಗೆ ಒಡ್ಡಾಗುತ್ತದೆ.

ಜೋಳ ತುಂಬಿಡುತ್ತಿದ್ದ ನೆಲದೊಳಗಿನ ಹಗೇವು ಇರುವ ಮನೆಗಳಂತೂ ಇನ್ನೂ ಸೂಕ್ಷ್ಮ. ಹಗೇವಿನಲ್ಲಿ ಕಾಳಿನ ಬಿಸಿಗೆ ಗಾಳಿ ಕೆಟ್ಟಿರುತ್ತದೆ, ಇಳಿದವರು ಉಸಿರುಕಟ್ಟಿ ಬೀಳುತ್ತಾರೆ. ಅದಕ್ಕಾಗಿ ಇಳಿಯುವ ಮುನ್ನ ಹಗ್ಗಕ್ಕೆ ಕಂದೀಲು ಕಟ್ಟಿ ಬಿಟ್ಟು ನೋಡುವ ಪದ್ಧತಿ ನಮ್ಮಲ್ಲಿತ್ತು. ದೀಪ ಆರಿದರೆ ಇಳಿಯಬೇಡ. ಎಷ್ಟೋ ಜೀವ ಉಳಿಸಿದ ಜಾಣತನ ಇದು. ಗ್ಯಾಸಿನ ವಾಸನೆ ಬರುವ ಮನೆಯಲ್ಲಿ ಇದೇ ಜಾಣತನ ಮನೆಯವರನ್ನೆಲ್ಲ ಕೊಲ್ಲುತ್ತದೆ. ಅದಕ್ಕೇ ನಾನು ಹಳ್ಳಿಗಳಲ್ಲಿ ಮಾತಾಡುವಾಗ ಹಿರಿಯರನ್ನು ಮುಂದೆ ಕೂರಿಸಿಕೊಂಡು ಮೊದಲು ಕಂದೀಲಿನ ಮಾತನ್ನು ಅವರ ಬಾಯಲ್ಲೇ ಹೇಳಿಸುತ್ತಿದ್ದೆ. ಅವರು ಹೇಳಿ ಮುಗಿಸಿದ ಮೇಲೆ, "ಹಗೇವಿಗೆ ಅದು ಖರೆ ಅಜ್ಜಾರ, ಗ್ಯಾಸಿಗೆ ಮಾತ್ರ ಬ್ಯಾಡ" ಎನ್ನುತ್ತಿದ್ದೆ. ಅವರ ತಿಳಿವಳಿಕೆಗೆ ಮರ್ಯಾದೆ ಕೊಡದೆ ನಮ್ಮದನ್ನು ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ. ಸೆಕೆಗೆ ಕೈ ತಾನಾಗಿ ಹೋಗುವ ಫ್ಯಾನಿನ ಸ್ವಿಚ್ಚೂ ಹಾಗೆಯೇ. "ವಾಸನಿ ಹೋಗ್ಲಿ, ಫ್ಯಾನ್ ಹಾಕ್ರಿ" ಎಂಬ ಮಾತು ಎಷ್ಟು ಸಹಜ! ಸ್ವಿಚ್ಚಿನ ಕಿಡಿ ಸಾಕು. ಹಾಕಿದ್ದನ್ನು ತೆಗೆಯುವುದೂ ಕೂಡದು, ತೆಗೆಯುವಾಗಲೂ ಕಿಡಿ ಏಳುತ್ತದೆ.

ಇನ್ನು ದೂರದ ಲೆಕ್ಕ. ರಾಯಚೂರಿನಿಂದ ದೇವದುರ್ಗ, ಮಾನ್ವಿ ಎರಡೂ ಐವತ್ತು ಕಿಲೋಮೀಟರಿನ ಆಸುಪಾಸು. ತಾಲ್ಲೂಕುಗಳಲ್ಲಿ ಠಾಣೆ ಇಲ್ಲದ ಕಾಲದಲ್ಲಿ ನಾವು ಹೊರಟು ಮುಟ್ಟುವಷ್ಟರಲ್ಲಿ ಒಂದು ತಾಸು ದಾಟುತ್ತಿತ್ತು. ಈಗ ತಾಲ್ಲೂಕಿನಲ್ಲೇ ಗಾಡಿ ಇದೆ, ಆದರೂ ಒಳಹಳ್ಳಿಗೆ ಅರ್ಧ ತಾಸು ಬೇಕೇಬೇಕು. ಠಾಣೆಯ ಪುಸ್ತಕದಲ್ಲಿ ಕರೆ ಬಂದ ಸಮಯ, ಹೊರಟ ಸಮಯ, ಮುಟ್ಟಿದ ಸಮಯ ಎಂದು ಅಂಕಣಗಳಿವೆ. ಗ್ಯಾಸಿನ ವಿಷಯದಲ್ಲಿ ನಡೆಯಬೇಕಾದದ್ದೆಲ್ಲ ಕರೆ ಬರುವ ಮುನ್ನವೇ ನಡೆದುಹೋಗಿರುತ್ತದೆ. ಈ ಜಿಲ್ಲೆಯಲ್ಲಿ ಗ್ಯಾಸ್ ಅವಘಡವನ್ನು ಎದುರಿಸಿದವರ ಚರಿತ್ರೆ ಬರೆಯುವುದಾದರೆ ಅದರಲ್ಲಿ ನಮ್ಮ ಸಮವಸ್ತ್ರದವರಿಗಿಂತ ಸೆರಗು ಬಿಗಿದ ಹೆಂಗಸರೂ ಸಿಲಿಂಡರ್ ಹೊತ್ತು ತರುವ ಹುಡುಗರೂ ಹೆಚ್ಚಾಗಿ ಇರಬೇಕು. ಸೋರಿಕೆಗೆಂದೇ 1906 ಸಹಾಯವಾಣಿ 2016ರ ಜನವರಿಯಲ್ಲಿ ಬಂತು. ಉಪಯುಕ್ತವಾದದ್ದೇ. ಆದರೆ ಫೋನನ್ನು ಸೋರುವ ಕೋಣೆಯ ಹೊರಗೆ ಹೋಗಿ ಮಾಡಬೇಕು ಎಂಬುದನ್ನು ಸಂಖ್ಯೆಯ ಜೊತೆಗೇ ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆಯಬೇಕಿತ್ತು.

ಸಂಜೆ ಪಟ್ಟಣದ ಬೀದಿಗಳಲ್ಲಿ ಮಿರ್ಚಿ ಭಜಿ ಬಂಡಿಗಳ ಸಾಲು ನಿಲ್ಲುತ್ತದೆ. ಮನೆಯ ಸಿಲಿಂಡರಿನಿಂದ ಸಣ್ಣ ಸಿಲಿಂಡರಿಗೆ ಕಳ್ಳತನದಲ್ಲಿ ಗ್ಯಾಸ್ ಇಳಿಸುವ ಕೆಲಸ ಹಿತ್ತಲ ಕೋಣೆಗಳಲ್ಲಿ ಇನ್ನೂ ನಡೆಯುತ್ತದೆ. ದಿನಕ್ಕಷ್ಟು ದುಡಿದು ತಿನ್ನುವವನಿಗೆ 19 ಕೆ.ಜಿ.ಯ ವ್ಯಾಪಾರಿ ಸಿಲಿಂಡರ್ ಒಮ್ಮೆಗೆ ಕೊಳ್ಳುವುದು ಆಗುವುದಿಲ್ಲ. ದಾಳಿ ಮಾಡಿ ಜಪ್ತಿ ಮಾಡುವುದರಿಂದ ಇದು ನಿಲ್ಲದು. 5 ಕೆ.ಜಿ.ಯ ಸಿಲಿಂಡರ್ ಬಂಡಿಯವನ ಕೈಗೆ ಎಟಕುವ ದರಕ್ಕೆ, ಅವನ ಓಣಿಯಲ್ಲೇ ಸಿಗುವಂತೆ ಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಶಾಲೆ, ಪಂಚಾಯಿತಿ, ಸ್ತ್ರೀಶಕ್ತಿ ಸಂಘಗಳಲ್ಲಿ ನಾವು ತೋರಿಸುವ ಪ್ರದರ್ಶನ ಒಂದಿದೆ. ಬಯಲಿನಲ್ಲಿ ಸಿಲಿಂಡರಿನ ಬಾಯಿಗೆ ಉರಿ ಹಚ್ಚಿ, ನೆನೆದ ಗೋಣಿಚೀಲವನ್ನು ಮೈಗೆ ಮರೆಯಾಗಿ ಹಿಡಿದು ಮುಂದೆ ನಡೆದು, ಅದನ್ನೇ ಉರಿಯ ಮೇಲೆ ಹೊದಿಸಿ ಗಾಳಿ ತಡೆದು, ಕೂಡಲೇ ಬೆರಳಿನಿಂದ ಬಾಯಿ ಮುಚ್ಚುವುದು. ನೋಡಿದವರೆಲ್ಲ ಬೆರಗಾಗುತ್ತಾರೆ. ಹುಡುಗರು ಮಾಡಿದಾಗ ಚಪ್ಪಾಳೆ ಬೀಳುತ್ತದೆ. ನಾನು ಮಾತ್ರ ಯಾವಾಗಲೂ ಗುಂಪಿನಿಂದ ಒಬ್ಬ ಹೆಂಗಸನ್ನು ಕರೆದು ಮಾಡಿಸುತ್ತಿದ್ದೆ. ಉರಿಯ ಹತ್ತಿರ ಹೋಗಿ ಬಂದ ಒಬ್ಬಾಕೆ ಊರಿನಲ್ಲಿ ಇದ್ದರೆ ಸಾಕು, ಉಳಿದವರಿಗೆ ಆಕೆ ಕಲಿಸುತ್ತಾಳೆ.

ನನ್ನ ಸೇವೆಯ ಕಡೆಯ ವರ್ಷಗಳಲ್ಲಿ ದೇವದುರ್ಗ ತಾಲ್ಲೂಕಿನ ಒಂದು ಊರಿನಿಂದ ರಾತ್ರಿ ಕರೆ ಬಂತು. ನಾವು ಊರ ಅಗಸೆ ದಾಟುವಷ್ಟರಲ್ಲಿ ಒಬ್ಬ ಹೆಂಗಸು ದಾರಿಗೆ ಅಡ್ಡ ಬಂದು ಎರಡೂ ಕೈ ಎತ್ತಿದಳು. "ಗಾಡಿ ಅಲ್ಲೇ ನಿಲ್ಲಸ್ರಿ ಯಪ್ಪಾ, ಇಂಜಿನ್ ಬಂದ್ ಮಾಡ್ರಿ. ಗಾಳಿ ಈ ಕಡೆ ಐತಿ." ನಮ್ಮ ಚಾಲಕ ಬ್ರೇಕ್ ಹಾಕಿದ. ಮನೆಯಲ್ಲಿ ರೆಗ್ಯುಲೇಟರ್ ಕೂರುವ ಜಾಗದ ವಾಷರ್ ಹರಿದು ಗ್ಯಾಸ್ ಬುಸುಗುಡುತ್ತಿತ್ತು. ಆಕೆ ರೆಗ್ಯುಲೇಟರ್ ಬಿಚ್ಚಿ, ದಾರಕ್ಕೆ ಕಟ್ಟಿದ ಬಿಳಿ ಮುಚ್ಚಳ ಒತ್ತಿ, ಸಿಲಿಂಡರನ್ನು ಉರುಳಿಸದೆ ನೆಟ್ಟಗೆ ಎತ್ತಿಸಿ ಹೊರಗೆ ಬಯಲಿಗೆ ಇಡಿಸಿದ್ದಳು. ದೀಪ ಹಚ್ಚಲು ಬಿಟ್ಟಿರಲಿಲ್ಲ. ಪಕ್ಕದ ಮೂರು ಮನೆಗಳ ಒಲೆ ಆರಿಸಿ, ಕಟ್ಟೆಯ ಮೇಲಿನ ಗಂಡಸರ ಬೀಡಿ ಎಸೆಸಿದ್ದಳು. ಮಕ್ಕಳನ್ನು ಗಾಳಿ ಬೀಸಿ ಬರುವ ಕಡೆಯ ದಿಬ್ಬದ ಮೇಲೆ ಕೂರಿಸಿದ್ದಳು. ನಾವು ಮನೆಯ ಎರಡೂ ಬಾಗಿಲು ತೆರೆದಿಟ್ಟು, ಹೊಸ್ತಿಲಿನ ತನಕ ನೀರಿನ ತುಂತುರು ಬಿಟ್ಟು, ವಾಸನೆ ಪೂರ್ತಿ ಹೋಗುವವರೆಗೆ ಕಾದೆವು. ಸಾಬೂನು ನೀರು ಹಚ್ಚಿ ಸಿಲಿಂಡರಿನ ಬಾಯಿ ಪರೀಕ್ಷಿಸಿದೆವು. ಗುಳ್ಳೆ ಏಳಲಿಲ್ಲ.

ಹೊರಡುವಾಗ ಇನ್ನೇನಾದರೂ ಬೇಕೇ ಯಮ್ಮಾ ಎಂದು ಕೇಳಿದೆ. "ಸಿಲಿಂಡರ್ ತರೋ ಹುಡುಗನ ಕೈಯಾಗ ವಾಷರ್ ಕೊಟ್ಟು ಕಳಸಾಕ ಹೇಳ್ರಿ. ನಮ್ಮೂರಾಗ ಅದು ಸಿಗಲ್ಲ. ಒಂದು ವಾಷರ್‌ಗೆ ದೇವದುರ್ಗಕ್ಕ ಹೋಗಿಬರಬೇಕು" ಎಂದಳು. ಮರುದಿನ ಬೆಳಿಗ್ಗೆ ಏಜೆನ್ಸಿಗೆ ಹೋಗಿ ಮಾತಾಡಿದೆ. ಆ ವಾರದಿಂದ ಆ ಕಡೆಯ ಹಳ್ಳಿಗಳಿಗೆ ಹೋಗುವ ಗಾಡಿಯಲ್ಲಿ ವಾಷರಿನ ಪೊಟ್ಟಣ, ಎರಡು ಹೊಸ ಟ್ಯೂಬು, ಒಂದು ಬಾಟಲಿ ಸಾಬೂನು ನೀರು ಇರತೊಡಗಿತು. ಹುಡುಗ ಪ್ರತಿ ಮನೆಯಲ್ಲೂ ಮುಚ್ಚಳ ತೆಗೆದು, ನೀರು ಹಚ್ಚಿ, ಗುಳ್ಳೆ ನೋಡಿ, ಆಮೇಲೆ ಹಣ ಕೇಳುತ್ತಿದ್ದ.